ಬಚ್ಚಲಿನ ವಾಟ

ನೀರು ಎಷ್ಟು ವಿಧೇಯವಾದ ವಸ್ತು ಎಂಬುದು ನನಗೆ ಮನದಟ್ಟಾದದ್ದು ತೀರ ಈಚೆಗೆ, ನಮ್ಮದೇ ಮನೆಯ ಬಚ್ಚಲಿನ ಬಾಗಿಲಲ್ಲಿ ಚೊಂಬು ಹಿಡಿದು ನಿಂತಿದ್ದಾಗ. ಅಲ್ಲಿಯವರೆಗೆ ನೀರಿನ ಬಗ್ಗೆ ನನಗಿದ್ದ ಚಿಂತೆಯೆಲ್ಲ ಅದು ಬರುತ್ತದೋ ಇಲ್ಲವೋ ಎಂಬುದಷ್ಟೇ. ಬನಶಂಕರಿ ಮೂರನೇ ಹಂತದಲ್ಲಿ ಮನೆ ಮಾಡಿಕೊಂಡವರು ಯಾರೂ ಬಂದ ನೀರು ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಕೇಳುವಷ್ಟು ದುರಾಸೆಯವರಲ್ಲ.

ಅದು ಹೊಸದಾಗಿ ಟೈಲ್ಸ್ ಹಾಕಿಸಿದ್ದ ನೆಲ. ಸಿಮೆಂಟು ಒಣಗಿದೆ, ಇನ್ನು ನೀರು ಬಿಡಬಹುದು ಎಂದು ಕಂಟ್ರಾಕ್ಟರ್ ಹೇಳಿದ್ದರಿಂದ ಚೊಂಬಿನ ನೀರನ್ನು ನೆಲದ ನಡುವೆ ಸುರಿದೆ. ನೀರು ಒಂದು ಗಳಿಗೆ ಅಲ್ಲೇ ನಿಂತು ಯೋಚಿಸಿದಂತೆ ಮಾಡಿತು. ಆಮೇಲೆ ಎಲ್ಲವೂ ಒಟ್ಟಾಗಿ, ಸಾಲು ಮುರಿಯದೆ, ಸಣ್ಣಗೆ ಹೊಳೆಯುತ್ತ ಹೊರಟಿತು. ಹೊರಟದ್ದು ಮೂಲೆಯಲ್ಲಿ ಅದಕ್ಕಾಗಿಯೇ ಕೂರಿಸಿದ್ದ ಸ್ಟೀಲಿನ ಜಾಲರಿಯ ಕಡೆಗಲ್ಲ, ಬಾಗಿಲಲ್ಲಿದ್ದ ನನ್ನ ಕಡೆಗೆ. ಬಂದು ನನ್ನ ಎರಡೂ ಪಾದಗಳನ್ನು ತೊಳೆದು, ಬಾಗಿಲು ದಾಟಿ, ಮಲಗುವ ಕೋಣೆಯ ಮಂಚದ ಕೆಳಗೆ ಹೋಗಿ ವಿಶ್ರಮಿಸಿತು.

ನನ್ನ ಪಕ್ಕದಲ್ಲಿದ್ದ ಕಂಟ್ರಾಕ್ಟರ್ ನಾಗರಾಜು ಬಗ್ಗಿ, ನೆಲವನ್ನು ಅಂಗೈಯಿಂದ ಸವರಿ ನೋಡಿದರು. ಇಟ್ಟಮಡುವಿನ ಹಳೆಯ ಮನೆತನದವರು. ನಮ್ಮ ಮನೆಯಿರುವ ಜಾಗದಲ್ಲಿ ಅವರ ತಾತ ರಾಗಿ ಬೆಳೆಯುತ್ತಿದ್ದರಂತೆ. ಹಾಗಾಗಿ ಈ ನೆಲದ ಮೇಲೆ ಅವರಿಗೆ ನನಗಿಂತ ಹಳೆಯದೊಂದು ಸಲಿಗೆ.

“ನೋಡಿ ಸಾರ್, ಒಂದ್ ಹನಿ ನಿಲ್ತಾ? ಎಲ್ಲೂ ಗುಂಡಿ ಇಲ್ಲ, ದಿಬ್ಬ ಇಲ್ಲ. ಇಂಥ ವಾಟ ಇಡೀ ಏರಿಯಾದಲ್ಲಿ ತೋರ್ಸಿ ನೋಡೋಣ” ಎಂದರು.

ವಾಟ ಎಂದರೆ ನೀರು ಹರಿದು ಹೋಗಲು ನೆಲಕ್ಕೆ ಕೊಡುವ ಇಳಿಜಾರು. ನಾಗರಾಜು ಹೇಳಿದ್ದರಲ್ಲಿ ಒಂದಿಷ್ಟೂ ಉತ್ಪ್ರೇಕ್ಷೆ ಇರಲಿಲ್ಲ. ನಾನು ಇನ್ನೊಂದು ಚೊಂಬು ಸುರಿದೆ, ಮೂಲೆಗೆ ಸುರಿದೆ, ಗೋಡೆಗೆ ಎರಚಿದೆ. ಎಲ್ಲಿಗೆ ಹಾಕಿದರೂ ನೀರು ತನ್ನ ಗುರಿಯನ್ನು ಮರೆಯದೆ ಬಾಗಿಲಿಗೆ ಬಂತು. ಜಾಲರಿಯ ಒಳಗೇ ನೇರವಾಗಿ ಸುರಿದದ್ದು ಮಾತ್ರ ವಿಧಿಯಿಲ್ಲದೆ ಕೆಳಗಿಳಿಯಿತು. ಸಿಟ್ಟು ಬರಬೇಕಾದ ಹೊತ್ತಿನಲ್ಲಿ ನನಗೆ ಬಂದದ್ದು ಬೆರಗು. ತಪ್ಪು ಎಂಬುದು ಅಜಾಗರೂಕತೆಯಿಂದ, ಅರೆಮನಸ್ಸಿನಿಂದ ಹುಟ್ಟುವ ವಸ್ತು ಎಂದು ತಿಳಿದಿದ್ದೆ. ಇಷ್ಟು ಶ್ರದ್ಧೆಯಿಂದ, ಇಷ್ಟು ನಯವಾಗಿ, ಒಂದು ಗೆರೆಯೂ ಓರೆಯಾಗದಂತೆ ಒಂದು ತಪ್ಪನ್ನು ಕಟ್ಟಿ ನಿಲ್ಲಿಸಬಹುದು ಎಂದು ಯಾವ ವಿಶ್ವವಿದ್ಯಾಲಯವೂ ನನಗೆ ಹೇಳಿಕೊಟ್ಟಿರಲಿಲ್ಲ.

ಮನೆ ರಿಪೇರಿ ಮಾಡಿಸಿದವರಿಗೆ ಈ ಬೆರಗು ಹೊಸದಲ್ಲ. ಜೆ.ಪಿ. ನಗರದ ನನ್ನ ಸ್ನೇಹಿತನೊಬ್ಬನ ಮನೆಯಲ್ಲಿ ಹೊಸ ಕಿಟಕಿಗೆ ಮೊದಲು ಗ್ರಿಲ್ ಕೂರಿಸಿ ಆಮೇಲೆ ಬಾಗಿಲು ಹಾಕಿದರು. ಈಗ ಅದು ಗ್ರಿಲ್ಲಿಗೆ ತಾಗಿ ಕೈ ತೂರುವಷ್ಟು ಮಾತ್ರ ತೆರೆಯುತ್ತದೆ. ಅವನು ಬಂದವರಿಗೆಲ್ಲ ಮೊದಲು ಆ ಕಿಟಕಿ ತೋರಿಸಿ ಆಮೇಲೆ ಕುಡಿಯಲು ನೀರು ಕೊಡುತ್ತಾನೆ. ನಮ್ಮ ಮನೆಯಲ್ಲೇ ಈ ಸಲ ಮಲಗುವ ಕೋಣೆಯ ದೀಪದ ಸ್ವಿಚ್ಚನ್ನು ಬಾಗಿಲು ಪೂರ್ತಿ ತೆರೆದರೆ ಮುಚ್ಚಿಹೋಗುವ ಗೋಡೆಯ ಮೇಲೆ ಕೂರಿಸಿದ್ದಾರೆ. ಒಳಗೆ ಬಂದು, ಕತ್ತಲೆಯಲ್ಲಿ ಬಾಗಿಲನ್ನು ಮತ್ತೆ ಹಾಕಿ, ತಡಕಿ, ದೀಪ ಹಚ್ಚಿಕೊಂಡು, ಆಮೇಲೆ ಬಾಗಿಲು ತೆರೆಯಬೇಕು. ಮೊದಮೊದಲು ಗೊಣಗುತ್ತಿದ್ದೆ. ಈಗ ಅಭ್ಯಾಸವಾಗಿ, ಬೇರೆಯವರ ಮನೆಗೆ ಹೋದಾಗಲೂ ಬಾಗಿಲ ಹಿಂದೆಯೇ ಹುಡುಕುತ್ತೇನೆ. ಮನುಷ್ಯ ಮನೆಯನ್ನು ತಿದ್ದಿಸುತ್ತಾನೆ ಎನ್ನುವುದು ಭ್ರಮೆ. ಮನೆಯೇ ನಿಧಾನವಾಗಿ ಮನುಷ್ಯನನ್ನು ತಿದ್ದಿಕೊಳ್ಳುತ್ತದೆ.

ಬಚ್ಚಲಿನ ವಿಷಯದಲ್ಲಿ ಮಾತ್ರ ಹಾಗೆ ತಿದ್ದಿಸಿಕೊಳ್ಳುವ ಸ್ವಾತಂತ್ರ್ಯ ನಮಗಿರಲಿಲ್ಲ. ಅದನ್ನು ನಾವು ಮಾಡಿಸಿದ್ದು ನಮಗಾಗಿ ಅಲ್ಲ, ಅತ್ತೆಗಾಗಿ.

ನನ್ನ ಹೆಂಡತಿ ಗಿರಿಜಾಳ ತಾಯಿ ನಮ್ಮ ಜೊತೆಯಲ್ಲೇ ಇದ್ದವರು. ಬೇಸಿಗೆಯಲ್ಲಿ ಇದೇ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ವಾಕರ್ ಬಂತು. ಅಷ್ಟರಲ್ಲಿ ಬಚ್ಚಲನ್ನು ಅವರಿಗೆ ಅನುಕೂಲವಾಗುವಂತೆ ಮಾಡಿಸೋಣ ಎಂದು ಅವರನ್ನು ಚಿಕ್ಕಲಸಂದ್ರದ ನಾದಿನಿಯ ಮನೆಗೆ ಕಳಿಸಿದೆವು. ಅಲ್ಲಿ ನಾದಿನಿಯೂ ಒಬ್ಬ ಆಯಾಳೂ ಸೇರಿ ಅವರಿಗೆ ಸ್ನಾನ ಮಾಡಿಸುತ್ತಿದ್ದರು. ಅತ್ತೆ ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ ಮುಗಿಸುವವರೆಗೆ ಬಾಯಿಗೆ ಒಂದು ಗುಟುಕು ಕಾಫಿಯನ್ನೂ ಬಿಡದವರು. ಯಾರ ಮುಂದೆಯೂ ತಲೆಯ ಸೆರಗು ಜಾರಲು ಬಿಡದವರು. ಅಂಥವರಿಗೆ ದಿನಾ ಇಬ್ಬರ ಮುಂದೆ ಸ್ಟೂಲಿನ ಮೇಲೆ ಕೂರಬೇಕಾಗಿ ಬಂತು. ಅವರು ಅದರ ಬಗ್ಗೆ ದೂರಲಿಲ್ಲ. ಆದರೆ ಫೋನು ಮಾಡಿದಾಗಲೆಲ್ಲ ಬಚ್ಚಲು ಎಲ್ಲಿಗೆ ಬಂತು ಎಂದು ಕೇಳುತ್ತಿದ್ದರು. ಮೊಮ್ಮಗನ ಪರೀಕ್ಷೆಯ ಬಗ್ಗೆಯೂ ಅವರು ಅಷ್ಟು ಕೇಳಿದವರಲ್ಲ.

ಹಾಗಾಗಿ ಗೋಡೆಗೆ ಹಿಡಿಕೆಗಳು, ಕೂರಲು ಒಂದು ಕಲ್ಲಿನ ಕಟ್ಟೆ, ಕಾಲು ಜಾರದಂಥ ಒರಟು ಟೈಲ್ಸು. ಮುಖ್ಯವಾಗಿ, ವಾಕರ್ ಎಡವಬಾರದೆಂದು ಬಚ್ಚಲಿನ ಬಾಗಿಲಿನ ಏರುಗಲ್ಲನ್ನೇ ಕಿತ್ತು ಒಳಗೂ ಹೊರಗೂ ನೆಲವನ್ನು ಒಂದೇ ಮಟ್ಟ ಮಾಡಿಸಿದ್ದೆವು. ನೀರನ್ನು ತಡೆಯುವ ಆ ಕಲ್ಲು ಹೋದ ಮೇಲೆ ಮಿಕ್ಕ ಭರವಸೆಯೆಲ್ಲ ವಾಟದ್ದೇ. ಆ ವಾಟ ಈಗ ನೀರನ್ನು ಕೈಹಿಡಿದು ಕೋಣೆಗೆ ಕರೆತರುತ್ತಿತ್ತು. ಒದ್ದೆ ಕಾಲಿನಲ್ಲಿ, ಒದ್ದೆ ನೆಲದಲ್ಲಿ, ವಾಕರ್ ಹಿಡಿದ ಅತ್ತೆ. ಆ ಚಿತ್ರ ಕಣ್ಣಿಗೆ ಬಂದದ್ದೇ ನನ್ನ ಬೆರಗು ಸ್ವಲ್ಪ ತಣ್ಣಗಾಯಿತು.

“ನಾಗರಾಜು, ನೀರು ಜಾಲರಿ ಕಡೆಗೆ ಹೋಗ್ಬೇಕಲ್ವಾ?” ಎಂದೆ.

“ನೀವೇ ಉತ್ತರಕ್ಕೆ ಅಂದ್ರಲ್ಲಾ ಸಾರ್!” ಎಂದರು ನಾಗರಾಜು. ಅವರ ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು.

ಇಲ್ಲಿಂದ ಮುಂದೆ ನನ್ನ ಕಷ್ಟ ಶುರು. ಬೇರೆ ಯಾರಾದರೂ ಆಗಿದ್ದರೆ, ನಾನ್ಯಾಕ್ರೀ ಹಾಗೆ ಹೇಳ್ಲಿ ಎಂದು ಗದರಿ ಮುಗಿಸುತ್ತಿದ್ದರು. ನಾನು ತತ್ತ್ವಶಾಸ್ತ್ರ ಓದಿದವನು. ಕಾಲೇಜಿನಲ್ಲಿ ವರ್ಷವರ್ಷವೂ ಹುಡುಗರ ಮುಂದೆ ನಿಂತು, ನೆನಪು ಎಂಬುದು ಫೋಟೋ ಅಲ್ಲ, ಪ್ರತಿ ಸಲ ಹೊಸದಾಗಿ ಬರೆಯುವ ಚಿತ್ರ, ನಿಮ್ಮ ನೆನಪನ್ನೇ ಮೊದಲು ಅನುಮಾನಿಸಿ ಎಂದು ಹೇಳುವವನು. ಹುಡುಗರು ಅದನ್ನು ನಂಬಿದರೋ ಇಲ್ಲವೋ, ನಾನಂತೂ ನಂಬಿಬಿಟ್ಟಿದ್ದೇನೆ. ಗ್ಯಾಸ್ ಆರಿಸಿದೆನೇ ಎಂದು ನೋಡಲು ಬಸ್ ಸ್ಟಾಪಿನಿಂದ ವಾಪಸ್ಸು ಬರುವವನು ನಾನು. ನೋಡಿ ಮತ್ತೆ ಹೊರಟಾಗ, ನೋಡಿದ್ದು ಈಗಲೋ ನಿನ್ನೆಯೋ ಎಂದು ಗೇಟಿನ ಹತ್ತಿರ ನಿಲ್ಲುವವನೂ ನಾನೇ. ಅನುಮಾನ ಪಡುವುದು ತರಗತಿಯಲ್ಲಿ ಸೊಗಸಾಗಿ ಕಾಣುತ್ತದೆ. ಗಾರೆ ಕೆಲಸ ನಡೆಯುವ ಕಡೆ ಅದರಷ್ಟು ಕೆಲಸಕ್ಕೆ ಬಾರದ ಗುಣ ಇನ್ನೊಂದಿಲ್ಲ.

ಅದೂ ಅಲ್ಲದೆ ‘ಉತ್ತರ’ ಎಂದ ಕೂಡಲೇ ನನ್ನೊಳಗೆ ಏನೋ ಕದಲಿತು. ಉತ್ತರದ ಬಗ್ಗೆ ನಾನು ಮಾತಾಡಿದ್ದು ನಿಜ.

ಟೈಲ್ಸ್ ಹಾಕಿದ ಮೇಸ್ತ್ರಿ ಮುರುಗೇಶ ನಮ್ಮ ಮನೆಗೆ ಬರುವ ಮುಂಚೆ ಇಟ್ಟಮಡುವಿನ ಒಂದು ಗುಡಿಯಲ್ಲಿ ಗರ್ಭಗುಡಿಯ ನೆಲ ಮಾಡಿ ಬಂದಿದ್ದ. ಒಂದು ಬೆಳಿಗ್ಗೆ ಅವನಿಗೆ ಕಾಫಿ ಕೊಡಲು ಹೋದವನು, ಗುಡಿಯ ಕೆಲಸದ ಮಾತು ಬಂದದ್ದೇ ತಡ, ಲೋಟ ಕೈಯಲ್ಲೇ ಹಿಡಿದುಕೊಂಡು ಅವನಿಗೆ ಒಂದು ಉಪನ್ಯಾಸ ಕೊಟ್ಟೆ. ಹಳೆಯ ದೇವಸ್ಥಾನಗಳಲ್ಲಿ ಅಭಿಷೇಕದ ನೀರು ಯಾಕೆ ಉತ್ತರದ ಗೋಡೆಯಿಂದಲೇ ಹೊರಗೆ ಬರುತ್ತದೆ, ಆ ತೂಬಿಗೆ ಹಸುವಿನ ಮುಖವನ್ನೋ ಮೊಸಳೆಯ ಮುಖವನ್ನೋ ಯಾಕೆ ಕೆತ್ತುತ್ತಿದ್ದರು, ಸಾವಿರ ವರ್ಷದ ಹಿಂದೆ ಒಬ್ಬ ಶಿಲ್ಪಿ ಕರಿಗಲ್ಲಿನ ನೆಲಕ್ಕೆ ಕಣ್ಣಿಗೆ ಕಾಣದಂಥ ಇಳಿಜಾರು ಕೊಟ್ಟದ್ದು ಎಂಥ ವಿಸ್ಮಯ. ಬೇಲೂರಿನಿಂದ ಹೊರಟು ಎಲ್ಲೆಲ್ಲಿಗೋ ಹೋಗಿಬಂದೆ ಎಂದು ಕಾಣುತ್ತದೆ. ಮುರುಗೇಶ ಬಹಳ ಗಮನವಿಟ್ಟು ಕೇಳಿದ. ಕಾಫಿ ಆರಿತ್ತು.

ನಾನು ಆ ಮಾತಾಡುವಾಗ ಬಚ್ಚಲಿನ ನೆಲ ಆಗಿತ್ತೋ ಇರಲಿಲ್ಲವೋ? ಪ್ರಶ್ನೆ ಅಷ್ಟೇ. ಆಗಿದ್ದರೆ ನಾನು ನಿರಪರಾಧಿ. ಆಗಿರಲಿಲ್ಲವಾದರೆ, ನಮ್ಮ ಬಚ್ಚಲು ಕರ್ನಾಟಕದ ದೇವಾಲಯ ವಾಸ್ತುಶಿಲ್ಪ ಪರಂಪರೆಯ ಇತ್ತೀಚಿನ ಉದಾಹರಣೆ. ಏಕೆಂದರೆ ನಮ್ಮ ಬಚ್ಚಲಿನ ಬಾಗಿಲು ಇರುವುದು ಸರಿಯಾಗಿ ಉತ್ತರಕ್ಕೆ.

ನೆನಪಿನಲ್ಲಿ ಹುಡುಕಿದೆ. ಲೋಟ ಕಾಣಿಸಿತು, ಮುರುಗೇಶನ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ಕಾಣಿಸಿತು, ಕಿಟಕಿಯಿಂದ ಬಿದ್ದ ಬಿಸಿಲು ಕಾಣಿಸಿತು. ಕೆಳಗೆ ನೆಲ ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಮಾತಾಡುವಾಗ ನಾನು ಕೆಳಗೆ ನೋಡಿರಲಿಲ್ಲವೋ ಏನೋ.

ಗಿರಿಜಾ ಅಡುಗೆಮನೆಯಿಂದಲೇ ತೀರ್ಪು ಕೊಟ್ಟಳು. “ನೆಲ ಆದ್ಮೇಲೇ ನೀವು ಭಾಷಣ ಮಾಡಿದ್ದು. ನಾನು ಸಾರಿಗೆ ಒಗ್ಗರಣೆ ಹಾಕ್ತಿದ್ದೆ, ನಂಗೆ ಚೆನ್ನಾಗಿ ಜ್ಞಾಪಕ ಇದೆ.”

“ಇಲ್ಲ ಮೇಡಂ, ನೆಲ ಹಾಕೋ ಮುಂಚೆ” ಎಂದರು ನಾಗರಾಜು. “ಸಾರ್ ಚೆಕ್ಸ್ ಷರ್ಟ್ ಹಾಕಿದ್ರು. ಕೈ ಹೀಗೆ ಮಾಡಿ ತೋರಿಸಿದ್ರು, ಉತ್ತರ ಅಂತ.” ಅವರು ತೋರು ಬೆರಳನ್ನು ಬಾಗಿಲ ಕಡೆ ಚಾಚಿದರು. ಅದು ನಿಜವಾಗಿಯೂ ನಾನು ಕೈ ತೋರಿಸುವ ರೀತಿಯೇ. ಆ ದಿನ ಅವರು ಮನೆಯಲ್ಲಿ ಇದ್ದರು ಎಂಬುದೇ ನನಗೆ ನೆನಪಿರಲಿಲ್ಲ. ನಾನು ಅಲ್ಲಿದ್ದೆ ಎಂಬುದರಲ್ಲೂ ನನ್ನ ನಂಬಿಕೆ ಸಡಿಲವಾಗತೊಡಗಿತು.

ಉಳಿದವನು ಮುರುಗೇಶ. ಅವನನ್ನು ಕೇಳಿದೆವು.

“ಸಾರ್ ಏನೋ ಹೇಳ್ತಿದ್ರು. ನಾನು ಹ್ಞೂಂ ಹ್ಞೂಂ ಅಂತಿದ್ದೆ” ಎಂದ.

“ನೆಲ ಹಾಕೋ ಮುಂಚೆಯೋ ಆಮೇಲೋ?”

“ಹ್ಞೂಂ ಸಾರ್” ಎಂದ ಮುರುಗೇಶ.

“ಏನ್ ಹ್ಞೂಂ ಮಾರಾಯ? ಉತ್ತರಕ್ಕೆ ಯಾಕೆ ಕೊಟ್ಟೆ?” ಎಂದು ನಾಗರಾಜು ಸ್ವಲ್ಪ ದನಿಯೇರಿಸಿದರು.

“ಗುಡೀಲೂ ಉತ್ತರಕ್ಕೇ ಕೊಟ್ಟಿದ್ದು ಅಣ್ಣ. ಕೈ ಅದೇ ದಿಕ್ಕಿಗೆ ಕೂತಿತ್ತು. ಸಾರ್ ಬೇರೆ ಉತ್ತರ ಉತ್ತರ ಅಂತಿದ್ರು. ಅವರೂ ದೊಡ್ಡೋರು, ದೇವ್ರೂ ದೊಡ್ಡೋನು.”

ಇಷ್ಟು ಸಣ್ಣ ನೆಲಕ್ಕೆ ಮೂವರ ಮೂರು ನೆನಪು, ನನ್ನದು ಸೇರಿದರೆ ನಾಲ್ಕು; ನನ್ನದರಲ್ಲೇ ಎರಡು. ಇತಿಹಾಸವನ್ನು ಬರೆಯುವವರ ಮೇಲೆ ನನಗೆ ಹಠಾತ್ತನೆ ಗೌರವ ಬಂತು. ಒಂದು ಬಚ್ಚಲಿನ ವಾಟ ಯಾವಾಗ ತೀರ್ಮಾನವಾಯಿತು ಎಂಬುದೇ, ಅಲ್ಲಿದ್ದವರೆಲ್ಲ ಬದುಕಿದ್ದು ಮುಂದೆಯೇ ನಿಂತಿರುವಾಗ ಗೊತ್ತಾಗುವುದಿಲ್ಲ. ಇನ್ನು ರಾಜ್ಯಗಳು ಹೇಗೆ ಬಿದ್ದವು ಎಂದು ಹೇಳುವ ಧೈರ್ಯ ಅವರಿಗೆ ಎಲ್ಲಿಂದ ಬರುತ್ತದೋ!

ನಾಗರಾಜು ಒಳ್ಳೆಯವರು. ನನ್ನ ಮುಖ ನೋಡಿ ಪರಿಹಾರ ಹುಡುಕತೊಡಗಿದರು. ನಮ್ಮ ಊರಿನ ಕಟ್ಟಡ ಕೆಲಸದಲ್ಲಿ ತಪ್ಪನ್ನು ತಿದ್ದುವ ಪದ್ಧತಿ ಕಡಿಮೆ, ಅದರ ಪಕ್ಕದಲ್ಲಿ ಇನ್ನೊಂದನ್ನು ಕಟ್ಟಿ ಅದಕ್ಕೆ ಜೊತೆ ಮಾಡುತ್ತಾರೆ. “ಬಾಗಿಲಿಗೆ ಒಂದು ಸಣ್ಣ ಕಟ್ಟೆ ಕಟ್ಬಿಡೋಣ ಸಾರ್, ನೀರು ಆಚೆ ಬರಲ್ಲ” ಎಂದರು. ವಾಕರ್‌ಗಾಗಿ ಅಲ್ಲಿದ್ದ ಏರುಗಲ್ಲನ್ನು ಕಿತ್ತದ್ದೇ ನೀವಲ್ಲವೇ ಎಂದೆ. “ಹೌದಲ್ವಾ” ಎಂದು ತಲೆ ಕೆರೆದುಕೊಂಡು, “ಹಂಗಾದ್ರೆ ಬಾಗಿಲಲ್ಲೇ ಇನ್ನೊಂದು ಜಾಲರಿ” ಎಂದರು. ಅದರ ಕೆಳಗೆ ಪೈಪು ಎಲ್ಲಿದೆ ಎಂದೆ. ಕೊನೆಗೆ ಅವರು ಬೆಂಗಳೂರಿನ ಪ್ರತಿಯೊಂದು ಬಚ್ಚಲಿನ ಅಂತಿಮ ಸತ್ಯವನ್ನು ಹೇಳಿದರು: “ಒಂದ್ ಒಳ್ಳೆ ವೈಪರ್ ತಗೊಳ್ಳಿ ಸಾರ್. ಸ್ನಾನ ಆದ್ಮೇಲೆ ಹಿಂದಕ್ಕೆ ತಳ್ಳಿಬಿಟ್ರೆ ಆಯ್ತು. ಎಲ್ಲಾರ ಮನೇಲೂ ಅಷ್ಟೇ.”

ನಿಜ ಹೇಳಬೇಕೆಂದರೆ ನಾನು ಒಪ್ಪುವವನಿದ್ದೆ. ಒಪ್ಪುವ ಮಾತು ಗಂಟಲಿಗೆ ಬಂದಿತ್ತು. ತಪ್ಪು ನನ್ನದೇ ಇರಬಹುದು ಎಂದು ಅನುಮಾನವಿರುವವನು ಇನ್ನೊಬ್ಬರ ಕೆಲಸವನ್ನು ಒಡೆಯಿರಿ ಎನ್ನುವುದು ಹೇಗೆ? ಆ ನೆಲದ ಅಂದ ಬೇರೆ ಕಣ್ಣ ಮುಂದಿತ್ತು. ಅಷ್ಟು ಒಪ್ಪವಾಗಿ ಕೂಡಿಸಿದ ಸಂದುಗಳ ಮೇಲೆ ಸುತ್ತಿಗೆ ಬೀಳುವುದನ್ನು ನೆನೆದರೆ ನನಗೇ ಸಂಕಟ. ವೈಪರನ್ನು ಯಾವ ಗೋಡೆಗೆ ಒರಗಿಸಬಹುದು ಎಂದು ನೋಡುತ್ತಿದ್ದೆ.

ಅಷ್ಟರಲ್ಲಿ ಅತ್ತೆಯ ಫೋನು ಬಂತು. ಗಿರಿಜಾ ಮಾತಾಡಿ ನನ್ನ ಕೈಗೆ ಕೊಟ್ಟಳು.

“ಬಚ್ಚಲು ಆಯ್ತಂತಲ್ಲಾ ಅಳಿಯಂದ್ರೇ” ಎಂದರು. ಹಿಂದೆ ಟೀವಿಯ ಸದ್ದು ಕೇಳುತ್ತಿತ್ತು. ಅವರು ದನಿಯನ್ನು ಇಳಿಸಿಕೊಂಡರು. “ಒಂದ್ ವಿಷ್ಯ ಕೇಳ್ಬೇಕಿತ್ತು. ಅಲ್ಲಿಗ್ ಬಂದ್ರೆ ನಾನೊಬ್ಳೇ ಸ್ನಾನ ಮಾಡ್ಕೋಬೋದಾ?”

“ಮಾಡ್ಕೋಬಹುದು” ಎಂದೆ.

“ಯಾರೂ ಹಿಡ್ಕೊಳ್ಳೋದ್ ಬೇಡ್ವಾ?”

“ಬೇಡ ಅತ್ತೆ. ನೀವೊಬ್ಬರೇ.”

“ಹಂಗಂದ್ರೆ ಸರಿ” ಎಂದು ಅವರು ಫೋನಿಟ್ಟರು.

ಫೋನು ಕೈಯಲ್ಲಿ ಹಿಡಿದು ನಿಂತಿದ್ದಾಗ ನನಗೊಂದು ವಿಚಿತ್ರ ಅನುಭವವಾಯಿತು. ಇಷ್ಟು ಹೊತ್ತು ನಾನು ಹೇಳಿದೆನೋ ಇಲ್ಲವೋ ಎಂಬುದರಲ್ಲಿ ಮುಳುಗಿದ್ದೆನಲ್ಲ, ಈಗ ನಾನು ಹೇಳಿದ ಒಂದು ಮಾತು ನನ್ನ ಎದುರು ಸ್ಪಷ್ಟವಾಗಿ ನಿಂತಿತ್ತು. ಅದನ್ನು ಹೇಳಿದ್ದು ನಾನೇ. ಈಗತಾನೇ ಹೇಳಿದ್ದು. ಅದರ ಹಿಂದುಮುಂದು ಏನೂ ಕಲಸಿಹೋಗಿರಲಿಲ್ಲ. ಇಷ್ಟು ವರ್ಷ ನಿಸ್ಸಂದೇಹವಾದ ಒಂದು ವಾಕ್ಯಕ್ಕಾಗಿ ದಪ್ಪ ದಪ್ಪ ಗ್ರಂಥಗಳಲ್ಲಿ ಹುಡುಕಿದ್ದೇನೆ. ಅದು ಸಿಕ್ಕಿದ್ದು ಮಲಗುವ ಕೋಣೆಯಲ್ಲಿ, ಒದ್ದೆಯಾದ ಮಂಚದ ಕಾಲಿನ ಪಕ್ಕದಲ್ಲಿ.

“ನಾಗರಾಜು” ಎಂದೆ. “ಅವತ್ತು ನಾನೇನು ಹೇಳಿದೆನೋ ನನಗೆ ಗೊತ್ತಿಲ್ಲ. ನೀವು ಹೇಳೋದೇ ಸರಿ ಇರಬಹುದು. ಈಗ ಹೇಳ್ತಿದ್ದೀನಿ, ಎಲ್ಲಾರೂ ಕೇಳಿಸ್ಕೊಳ್ಳಿ. ನೀರು ಜಾಲರಿ ಕಡೆಗೆ ಹೋಗ್ಬೇಕು. ನೆಲ ಒಡೀರಿ.”

ದೊಡ್ಡ ವಾದವಾಗುತ್ತದೆ ಎಂದು ಮೈ ಬಿಗಿಹಿಡಿದಿದ್ದೆ. ನಾಗರಾಜು ನನ್ನನ್ನೇ ನೋಡಿ, ನಿರಾಳವಾಗಿ ಉಸಿರು ಬಿಟ್ಟು, “ಅಯ್ಯೋ, ಹಿಂಗಂತ ಮೊದ್ಲೇ ಹೇಳ್ಬಾರ್ದಾ ಸಾರ್? ಆವಾಗಿಂದ ಯಾರ್ ಹೇಳಿದ್ದು ಯಾರ್ ಹೇಳಿದ್ದು ಅಂತ ಕೂತಿದ್ದೀರಿ. ಲೇ ಮುರುಗೇಶ, ಸುತ್ತಿಗೆ ತಾರಯ್ಯ” ಎಂದರು.

ಯಾರ ತಪ್ಪು ಎಂದು ಗೊತ್ತಾಗದೆಯೂ ನೆಲವನ್ನು ಒಡೆಯಬಹುದು! ಇಷ್ಟು ಸರಳವಾದ ಸಂಗತಿ ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಅಪರಾಧಿ ಸಿಕ್ಕಿದ ಮೇಲೇ ರಿಪೇರಿ ಎಂದು ನಾನು ತಿಳಿದಿದ್ದೆ. ಎಷ್ಟು ಮನೆಗಳಲ್ಲಿ, ಗಂಡಹೆಂಡಿರಲ್ಲಿ, ಅಣ್ಣತಮ್ಮಂದಿರಲ್ಲಿ, ವಾಟ ತಪ್ಪಿದ ನೆಲ ಹಾಗೇ ಉಳಿದಿರುವುದು ಮೊದಲು ಹೇಳಿದ್ದು ಯಾರು ಎಂಬುದು ಇತ್ಯರ್ಥವಾಗದೆ ಇರುವುದರಿಂದಲೋ ಏನೋ.

ಮತ್ತೆ ಧೂಳು, ಮತ್ತೆ ಸದ್ದು. ಮುರುಗೇಶ ತಾನು ಹಾಕಿದ್ದನ್ನು ತಾನೇ ಕಿತ್ತ. ಅವನ ಮುಖದಲ್ಲಿ ಬೇಸರವೇನೂ ಕಾಣಲಿಲ್ಲ. ಹಾಕುವಾಗ ಇದ್ದ ಶ್ರದ್ಧೆಯೇ ಕೀಳುವಾಗಲೂ ಇತ್ತು. ಮತ್ತೆ ಹಾಕುವಾಗ ನಾನು ಕಾಫಿ ಕೊಟ್ಟು, ತುಟಿ ಹೊಲಿದುಕೊಂಡು, ತಕ್ಷಣ ಹೊರಗೆ ಬಂದೆ. ಅವನು ಕರೆದು, “ಸಾರ್, ಇವತ್ತು ಏನೂ ಹೇಳಲ್ವಾ?” ಎಂದು ಕೇಳಿದ. ಗಿರಿಜಾ ಅಡುಗೆಮನೆಯಿಂದ, “ಹೇಳಲ್ಲ!” ಎಂದು ಕೂಗಿದಳು.

ಈ ಸಲ ಸುರಿದ ಚೊಂಬು ನೀರು ಬಾಗಿಲ ಕಡೆ ಒಂದಿಷ್ಟೂ ತಿರುಗಿ ನೋಡದೆ ಜಾಲರಿಗೆ ಹೋಯಿತು. ಮೊದಲು ತೋರಿಸಿದ್ದ ವಿಧೇಯತೆಯೇ ಈಗಲೂ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅದಕ್ಕೆ ಹಳೆಯ ದಾರಿಯ ನೆನಪೇ ಇದ್ದ ಹಾಗೆ ಕಾಣಲಿಲ್ಲ.

ಅತ್ತೆ ಒಂದು ಸಂಜೆ ಬಂದರು. ಮಾರನೆಯ ಬೆಳಿಗ್ಗೆ, ಅವರು ಇನ್ನೂ ಏಳುವ ಮುಂಚೆಯೇ ನಾಗರಾಜು ಹಾಜರ್. “ಅಮ್ಮ ಸ್ನಾನ ಮಾಡೋವಾಗ ನೀರು ಹೆಂಗ್ ಹೋಗುತ್ತೆ ನೋಡ್ಕೊಂಡ್ ಹೋಗ್ತೀನಿ ಸಾರ್. ಚೊಂಬು ಬೇರೆ, ಸ್ನಾನ ಬೇರೆ” ಎಂದರು. ಅತ್ತೆ ಸೀರೆ ಟವೆಲುಗಳನ್ನು ವಾಕರ್ ಮೇಲೆ ಹಾಕಿಕೊಂಡು ಬಚ್ಚಲಿಗೆ ಹೋದರು. ಗಿರಿಜಾ ಬೆನ್ನ ಹಿಂದೆಯೇ ಹೋಗಿ, “ಚಿಲಕ ಹಾಕ್ಬೇಡಮ್ಮ, ಬಾಗ್ಲು ಸುಮ್ನೆ ಮುಂದಕ್ಕೆ ಮಾಡ್ಕೋ” ಎಂದಳು. ಬಾಗಿಲು ಮುಚ್ಚಿತು. ಆಮೇಲೆ ಒಳಗಿನಿಂದ ಚಿಲಕ ಎಳೆದ ಸದ್ದು ಕೇಳಿಸಿತು. ನಿಧಾನವಾಗಿ, ಪೂರ್ತಿಯಾಗಿ.

ಗಿರಿಜಾ ನನ್ನ ಮುಖ ನೋಡಿದಳು.

ಮೂವರೂ ಬಾಗಿಲ ಕೆಳಗಿನ ಸಂದನ್ನೇ ನೋಡುತ್ತ ನಿಂತೆವು. ಒಳಗೆ ನಲ್ಲಿ ಬಿಟ್ಟ ಸದ್ದು, ಬಕೆಟ್ಟು ತುಂಬುವ ಸದ್ದು, ಮೊದಲ ಚೊಂಬು ಮೈಮೇಲೆ ಬಿದ್ದ ಸದ್ದು. ಸಂದಿನಿಂದ ಏನೂ ಬರಲಿಲ್ಲ. ಎರಡನೆಯ ಚೊಂಬು. ನಾಗರಾಜು ಮೊಣಕಾಲೂರಿ ಬಗ್ಗಿ, ಬೆರಳಿನಿಂದ ನೆಲ ಮುಟ್ಟಿ, ಒದ್ದೆಯಾಗದ ಬೆರಳನ್ನು ನನಗೆ ತೋರಿಸಿದರು. ಒಳಗೆ ಅತ್ತೆ ಸಣ್ಣ ದನಿಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದರು, ವಚನವೋ ಹಾಡೋ ತಿಳಿಯಲಿಲ್ಲ. ತಟ್ಟನೆ ಅದು ನಿಂತಿತು.

“ಗಿರಿಜಾ, ಅಲ್ಲಿ ಯಾರ್ಯಾರು ನಿಂತಿದ್ದೀರಾ?”

“ಯಾರೂ ಇಲ್ಲಮ್ಮ” ಎಂದಳು ಗಿರಿಜಾ.

“ಯಾರೂ ಇಲ್ದೋರೆಲ್ಲ ಹೋಗಿ ಕಾಫಿಗಿಡಿ. ನಂದು ಇನ್ನೂ ಹೊತ್ತಾಗುತ್ತೆ.”

ನಾವು ತುದಿಗಾಲಲ್ಲಿ ಅಲ್ಲಿಂದ ಬಂದೆವು. ಕಾಫಿಗಿಟ್ಟೆವು. ಒಳಗಿನ ನೀರಿನ ಸದ್ದು ನಡುಮನೆಯವರೆಗೆ ಬರುತ್ತಿರಲಿಲ್ಲ; ಸ್ನಾನ ನಡೆದಿದೆಯೋ ಮುಗಿಯಿತೋ, ಅವರು ಕೂತಿದ್ದಾರೋ ನಿಂತಿದ್ದಾರೋ, ನಮಗೆ ಯಾರಿಗೂ ಗೊತ್ತಿರಲಿಲ್ಲ. ತಿಳಿಯದೆ ಇರುವುದೆಂದರೆ ಕೊರತೆ ಎಂದೇ ನಾನು ಓದಿ ಬೆಳೆದದ್ದು. ಆ ಬೆಳಿಗ್ಗೆ ಮಾತ್ರ, ಆ ಬಾಗಿಲ ಆಚೆ ಏನಾಗುತ್ತಿದೆ ಎಂದು ನಮಗೆ ತಿಳಿಯದೆ ಇದ್ದದ್ದೇ ಮನೆಯಲ್ಲಿ ಎಲ್ಲವೂ ನೆಟ್ಟಗಿದೆ ಎಂಬುದಕ್ಕೆ ಗುರುತಾಗಿತ್ತು.